ಬ್ರೂಟಸ್ ಮತ್ತು ಆಂಟನಿ: ಇಬ್ಬರ ನಾಯಕತ್ವವನ್ನು ಹೋಲಿಸಿ ಬರೆಯುವುದು ಹೇಗೆ?

ಷೇಕ್ಸ್‌ಪಿಯರನ ‘ಜೂಲಿಯಸ್ ಸೀಸರ್’ ನಾಟಕವನ್ನು ಪಠ್ಯವಾಗಿ ಓದುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ. ರೋಮಿನ ದೊರೆಯಂತಿದ್ದ ಸೀಸರನನ್ನು ಸಂಚು ಮಾಡಿ ಕೊಂದವರ ಮುಂದಾಳು ಬ್ರೂಟಸ್, ಆ ಕೊಲೆಗೆ ಸೇಡು ತೀರಿಸಿಕೊಳ್ಳುವ ಸೀಸರನ ಆಪ್ತ ಮಾರ್ಕ್ ಆಂಟನಿ, ಈ ಇಬ್ಬರಲ್ಲಿ ಯಾರು ಉತ್ತಮ ನಾಯಕ, ಅದನ್ನು ಹೋಲಿಸಿ ಬರೆಯುವುದು ಹೇಗೆ? ಇದಕ್ಕೆ ಸಾಮಾನ್ಯವಾಗಿ ಸಿಗುವ ಉತ್ತರವೂ ಒಂದೇ. ಪುಟದ ನಡುವೆ ಒಂದು ಗೆರೆ. ಎಡಗಡೆ ‘ಪ್ರಾಮಾಣಿಕ, ಆದರ್ಶವಾದಿ, ಮುಗ್ಧ’. ಬಲಗಡೆ ‘ಚತುರ, ವಾಗ್ಮಿ, ಕಪಟಿ’. ಇಷ್ಟನ್ನು ನಾಟಕ ಓದದೆಯೂ ಬರೆಯಬಹುದು. ತಿದ್ದುವವರಿಗೆ ಅದು ಮೊದಲ ಸಾಲಿಗೇ ಗೊತ್ತಾಗಿಬಿಡುತ್ತದೆ.

ಗುಣಗಳ ಪಟ್ಟಿ ಬಿಟ್ಟು ನಿರ್ಧಾರಗಳನ್ನು ಹಿಡಿಯಿರಿ. ಇಬ್ಬರ ಮುಂದೆಯೂ ಒಂದೇ ಬಗೆಯ ಇಕ್ಕಟ್ಟು ಬಂದಾಗ ಯಾರು ಏನು ಮಾಡಿದರು, ಆ ಹೊತ್ತಿಗೆ ಅವರಿಗೆ ಏನು ಗೊತ್ತಿತ್ತು, ಆಮೇಲೆ ಏನಾಯಿತು ಎಂದು ನೋಡುತ್ತಾ ಹೋದರೆ ಬರೆಯಲು ಸರಕು ಸಾಲದು ಎಂಬ ಮಾತೇ ಬರುವುದಿಲ್ಲ. ಹೇಗೆಂದು ಕೆಳಗೆ ಹಂತ ಹಂತವಾಗಿ ಕೊಟ್ಟಿದೆ.

ಮೊದಲು ಏನೇನು ಬೇಕು

ನಾಟಕದ ಪೂರ್ಣ ಪಠ್ಯ ಬೇಕು, ಸಾಲಿನ ಸಂಖ್ಯೆ ಇರುವಂಥದ್ದು. ಗೈಡ್‌ನಲ್ಲಿರುವ ಸಾರಾಂಶ ಸಾಲದು. ಕನ್ನಡ ಅನುವಾದ ಕೈಯಲ್ಲಿದ್ದರೆ ಅರ್ಥಕ್ಕೆ ಅನುಕೂಲ, ಆದರೆ ಮೂರನೆಯ ಅಂಕದ ಭಾಷಣಗಳನ್ನು ಮಾತ್ರ ಇಂಗ್ಲಿಷ್ ಮೂಲದಲ್ಲೇ ನೋಡಿ. ಯಾಕೆಂದು ಮುಂದೆ ಗೊತ್ತಾಗುತ್ತದೆ.

ಒಂದೇ ಆವೃತ್ತಿಯನ್ನು ಕೊನೆಯವರೆಗೂ ಬಳಸಿ. ಸಾಲಿನ ಸಂಖ್ಯೆ ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತದೆ. ಅದಕ್ಕಿಂತ ಹೆಚ್ಚು ಗೊಂದಲ ಮಾಡುವುದು ನಾಲ್ಕನೆಯ ಅಂಕ. ಬ್ರೂಟಸ್ ಮತ್ತು ಸಂಚಿನಲ್ಲಿ ಅವನ ಜೊತೆಗಾರನಾದ ಕ್ಯಾಸಿಯಸ್ ಜಗಳವಾಡುವ ಭಾಗವನ್ನು ಬಹುತೇಕ ಪುಸ್ತಕಗಳು 4ನೇ ಅಂಕದ 3ನೇ ದೃಶ್ಯ ಎನ್ನುತ್ತವೆ. 1623ರ ಮೊದಲ ಮುದ್ರಣದಲ್ಲಿ ಅಲ್ಲಿ ದೃಶ್ಯವಿಭಾಗ ಇಲ್ಲದ ಕಾರಣ ಕೆಲವು ಹೊಸ ಆವೃತ್ತಿಗಳು ಅದನ್ನು 2ನೇ ದೃಶ್ಯದೊಳಗೇ ಸೇರಿಸುತ್ತವೆ. ಇಲ್ಲಿ ನಾವು ರೂಢಿಯಲ್ಲಿರುವ 18 ದೃಶ್ಯಗಳ ಲೆಕ್ಕವನ್ನೇ ಹಿಡಿದಿದ್ದೇವೆ.

ಎಲ್ಲ 18 ದೃಶ್ಯಗಳನ್ನೂ ಒಮ್ಮೆ ಓದಿ, ಸಾಧ್ಯವಾದರೆ ಗಟ್ಟಿಯಾಗಿ. ಎರಡನೆಯ ಸಲ ಪೆನ್ಸಿಲ್ ಹಿಡಿದು ಓದಬೇಕಾದವು ಹನ್ನೊಂದು: 1.2, 2.1, 3.1, 3.2, 3.3, 4.1, 4.3, 5.1, 5.3, 5.4, 5.5. (ಚುಕ್ಕಿಯ ಮೊದಲಿನದು ಅಂಕ, ನಂತರದ್ದು ದೃಶ್ಯ. ಪರೀಕ್ಷೆಯ ಅಂಕಕ್ಕೂ ನಾಟಕದ ಅಂಕಕ್ಕೂ ಕನ್ನಡದಲ್ಲಿ ಒಂದೇ ಪದವಾದ್ದರಿಂದ ಇಲ್ಲಿ ಅಂಕವೆಂದರೆ ನಾಟಕದ್ದು ಮಾತ್ರ, ಪರೀಕ್ಷೆಯದ್ದು ಮಾರ್ಕ್ಸ್.)

ಎರಡು ಪಾರಿಭಾಷಿಕ ಪದಗಳು. ರುದ್ರನಾಟಕ ಎಂದರೆ ದೊಡ್ಡ ವ್ಯಕ್ತಿಯೊಬ್ಬ ತನ್ನದೇ ಸ್ವಭಾವ ಮತ್ತು ಆಯ್ಕೆಗಳ ದಾರಿಯಲ್ಲಿ ನಡೆದು ನಾಶವಾಗುವ ನಾಟಕ. ಸುಮ್ಮನೆ ಅಳಿಸುವ ನಾಟಕವೆಲ್ಲ ರುದ್ರನಾಟಕವಾಗದು. ಸ್ವಗತ ಎಂದರೆ ಪಾತ್ರ ರಂಗದ ಮೇಲೆ ಒಂಟಿಯಾಗಿ ನಿಂತು ತನಗೆ ತಾನೇ ಆಡಿಕೊಳ್ಳುವ, ಪ್ರೇಕ್ಷಕರಿಗಷ್ಟೇ ಕೇಳುವ ಮಾತು.

ಹಂತ 1: ‘ನಾಯಕತ್ವ’ವನ್ನು ಪ್ರಶ್ನೆಗಳಾಗಿ ಒಡೆಯಿರಿ

ನಾಯಕತ್ವ ಎಂಬ ಪದವನ್ನು ಇಡಿಯಾಗಿ ಹಿಡಿದರೆ ಕೈಗೆ ಸಿಗುವುದಿಲ್ಲ. ಈ ನಾಟಕಕ್ಕೆ ಹೊಂದುವ ಐದು ಪ್ರಶ್ನೆಗಳು ಇವು. ಎದುರಿಗಿರುವ ಮನುಷ್ಯನನ್ನು ಸರಿಯಾಗಿ ಅಳೆಯುತ್ತಾನೆಯೇ? ಗುಂಪನ್ನು ಹೇಗೆ ಒಲಿಸಿಕೊಳ್ಳುತ್ತಾನೆ? ಜೊತೆಗಾರರ ಸಲಹೆಗೆ ಏನು ಮಾಡುತ್ತಾನೆ? ಹಣ ಮತ್ತು ಹಿಂಸೆಯ ವಿಷಯದಲ್ಲಿ ಹೇಗೆ ನಡೆದುಕೊಳ್ಳುತ್ತಾನೆ? ಯುದ್ಧಭೂಮಿಯಲ್ಲಿ ಏನು ಮಾಡುತ್ತಾನೆ?

1,200 ಪದಗಳ ಪ್ರಬಂಧಕ್ಕೆ ಇವುಗಳಲ್ಲಿ ಮೂರು ಸಾಕು. ಹತ್ತು ಮಾರ್ಕ್ಸ್‌ನ ಉತ್ತರಕ್ಕೆ ಎರಡೇ ಸಾಕು. ಐದನ್ನೂ ತುರುಕಿದರೆ ಪ್ರತಿಯೊಂದಕ್ಕೂ ಎರಡೆರಡು ಸಾಲು ಸಿಕ್ಕಿ ಮತ್ತೆ ಅದೇ ಗುಣಪಟ್ಟಿಗೆ ಬಂದು ನಿಲ್ಲುತ್ತೀರಿ.

‘ಒಳ್ಳೆಯವನೇ’ ಎಂಬ ಪ್ರಶ್ನೆಯನ್ನು ಬೇಕೆಂದೇ ಪಟ್ಟಿಯಿಂದ ಕೈಬಿಟ್ಟಿದ್ದೇವೆ. ಒಳ್ಳೆಯತನ ಬೇರೆ, ಜನರನ್ನು ಒಂದು ಕಡೆಗೆ ನಡೆಸುವ ಶಕ್ತಿ ಬೇರೆ. ಎರಡಕ್ಕೂ ಎಲ್ಲಿ ಸಂಬಂಧ ಬರುತ್ತದೆ ಎಂಬುದನ್ನು ಪ್ರಬಂಧದ ಕೊನೆಯ ಹೊತ್ತಿಗೆ ನೀವೇ ತೋರಿಸಬೇಕು.

ಹಂತ 2: ನಿರ್ಧಾರಗಳ ಪಟ್ಟಿ ಮಾಡಿ

ಒಬ್ಬೊಬ್ಬರಿಗೆ ಒಂದೊಂದು ಹಾಳೆ ತೆಗೆದುಕೊಂಡು ನಾಲ್ಕು ಕಾಲಂ ಹಾಕಿ: ದೃಶ್ಯ, ಎದುರಾದ ಸಮಸ್ಯೆ, ಬೇರೆಯವರು ಹೇಳಿದ್ದು, ಇವನು ಮಾಡಿದ್ದು. ಮೂರನೆಯ ಕಾಲಂ ಬಿಡಬೇಡಿ. ಬ್ರೂಟಸ್‌ನ ಗುಟ್ಟೆಲ್ಲ ಅಲ್ಲೇ ಇದೆ.

ಆ ಕಾಲಂ ತುಂಬಿಸಿದವರಿಗೆ ಒಂದು ಮಾದರಿ ಎದ್ದು ಕಾಣುತ್ತದೆ. ಕ್ಯಾಸಿಯಸ್ ಐದು ಸಲ ಸಲಹೆ ಕೊಡುತ್ತಾನೆ, ಬ್ರೂಟಸ್ ಐದು ಸಲವೂ ತಳ್ಳಿಹಾಕುತ್ತಾನೆ. 2.1ರಲ್ಲೇ ಮೂರು: ಸಂಚುಗಾರರೆಲ್ಲ ಆಣೆ ಮಾಡೋಣ, ಹಿರಿಯ ಸೆನೆಟರ್ ಸಿಸೆರೊನನ್ನು ಸೇರಿಸಿಕೊಳ್ಳೋಣ, ಸೀಸರನ ಜೊತೆಗೆ ಆಂಟನಿಯನ್ನೂ ಮುಗಿಸೋಣ. 3.1ರಲ್ಲಿ ನಾಲ್ಕನೆಯದು: ಆಂಟನಿಗೆ ಶವದ ಮುಂದೆ ಭಾಷಣ ಮಾಡಲು ಬಿಡಬೇಡ. 4.3ರಲ್ಲಿ ಐದನೆಯದು, ಕೊನೆಯ ಯುದ್ಧ ಎಲ್ಲಿ ಎಂಬ ಬಗ್ಗೆ: ಫಿಲಿಪ್ಪಿಗೆ ನಾವಾಗಿ ಹೋಗುವುದು ಬೇಡ, ಶತ್ರುವೇ ನಮ್ಮನ್ನು ಹುಡುಕಿಕೊಂಡು ಬಂದು ದಣಿಯಲಿ.

ಈ ಐದನ್ನೂ ‘ಬ್ರೂಟಸ್ ಮಾಡಿದ ತಪ್ಪುಗಳು’ ಎಂದು ಒಂದೇ ಗಂಟಿಗೆ ಕಟ್ಟುವುದು ಸಾಮಾನ್ಯ ತಪ್ಪು. ಆಣೆ ಬೇಡವೆಂದದ್ದರಿಂದ ಕೆಡುಕಾಯಿತು ಎನ್ನಲು ನಾಟಕದಲ್ಲಿ ಆಧಾರವಿಲ್ಲ. ಸುದ್ದಿ ಸೋರಿದ್ದು ನಿಜ, ಆರ್ಟೆಮಿಡೋರಸ್ ಎಂಬವನು ಸೀಸರನನ್ನು ಎಚ್ಚರಿಸಲು ಎಂಟು ಮಂದಿ ಸಂಚುಗಾರರ ಹೆಸರನ್ನೂ ಬರೆದುಕೊಂಡು ದಾರಿಯಲ್ಲಿ ಕಾಯುತ್ತಾನೆ. ಆದರೆ ಸೋರಿದ್ದು ಯಾರಿಂದ ಎಂದು ನಾಟಕ ಹೇಳುವುದಿಲ್ಲ. ಸಿಸೆರೊನನ್ನು ಬಿಟ್ಟ ಕಾರಣವಂತೂ ಕುತೂಹಲದ್ದು. ಬೇರೆಯವರು ಶುರುಮಾಡಿದ ಕೆಲಸವನ್ನು ಅವನು ಎಂದೂ ಅನುಸರಿಸುವವನಲ್ಲ ಎನ್ನುತ್ತಾನೆ ಬ್ರೂಟಸ್. ಬ್ರೂಟಸ್‌ಗೇ ಹೊಂದುವ ಮಾತು ಅದು! ನಿಜವಾಗಿ ದುಬಾರಿಯಾದವು ಮೂರನೆಯದು ಮತ್ತು ನಾಲ್ಕನೆಯದು. ಐದನೆಯದರ ಬಗ್ಗೆ ವಾದಕ್ಕೆ ಜಾಗವಿದೆ, ಅದಕ್ಕೆ ಮುಂದೆ ಬರೋಣ.

ಆಂಟನಿಯ ಹಾಳೆಯಲ್ಲಿ ಇರಬೇಕಾದವು: ಕೊಲೆಗಾರರ ರಕ್ತಸಿಕ್ತ ಕೈಗಳನ್ನು ಒಂದೊಂದಾಗಿ ಕುಲುಕುವುದು (3.1), ಭಾಷಣ ಮತ್ತು ಸೀಸರನ ಉಯಿಲು (3.2), ಸಾಯಬೇಕಾದವರ ಪಟ್ಟಿ ಮತ್ತು ಅಧಿಕಾರದಲ್ಲಿ ಪಾಲುದಾರನಾದ ಲೆಪಿಡಸ್ ಬಗೆಗಿನ ಮಾತು (4.1), ಇನ್ನೊಬ್ಬ ಪಾಲುದಾರ, ಸೀಸರನ ವಾರಸುದಾರ ಆಕ್ಟೇವಿಯಸ್ ಜೊತೆ ರಣರಂಗದ ಎಡ-ಬಲ ಯಾರಿಗೆ ಎಂಬ ತಕರಾರು (5.1), ಸೆರೆಸಿಕ್ಕ ಬ್ರೂಟಸ್‌ನ ಕಡೆಯ ಲೂಸಿಲಿಯಸ್‌ನನ್ನು ನಡೆಸಿಕೊಂಡ ಬಗೆ (5.4).

ಎಚ್ಚರಿಕೆ: ಎರಡು ಹಾಳೆಗಳು ಸಮನಾಗಿ ತುಂಬುವುದಿಲ್ಲ. ನಾಟಕದಲ್ಲಿ ಬ್ರೂಟಸ್‌ನ ಮಾತು ಆಂಟನಿಯ ಮಾತಿಗಿಂತ ಎರಡು ಪಟ್ಟಿಗೂ ಹೆಚ್ಚು. ಸೀಸರ್ ಸಾಯುವವರೆಗೆ ಆಂಟನಿ ಆಡುವುದು ಬೆರಳೆಣಿಕೆಯ ಚಿಕ್ಕ ಮಾತುಗಳು. ಬ್ರೂಟಸ್‌ನ ಮನಸ್ಸಿನ ಹೊಯ್ದಾಟವನ್ನು ಸ್ವಗತಗಳಲ್ಲಿ ಹತ್ತಿರದಿಂದ ಕೇಳುತ್ತೇವೆ. ಆಂಟನಿಯ ಒಳಗು ಸ್ಪಷ್ಟವಾಗಿ ತೆರೆದುಕೊಳ್ಳುವುದು 3.1ರಲ್ಲಿ ಶವದೊಡನೆ ಅವನೊಬ್ಬನೇ ಉಳಿದಾಗ. ಹತ್ತಿರದಿಂದ ಕಂಡವನ ಮೇಲೆ ಕನಿಕರ ಹುಟ್ಟುವುದು ಸಹಜ. ರನ್ನನ ದುರ್ಯೋಧನನನ್ನು ಓದಿದ ನಮಗೆ ಸೋತವನ ಕಡೆ ಮನಸ್ಸು ವಾಲುವುದು ಹೊಸದೇನಲ್ಲ. ಆ ಕನಿಕರವನ್ನೇ ತೀರ್ಪು ಎಂದುಕೊಳ್ಳದಿದ್ದರೆ ಸರಿ.

ಹಂತ 3: ಜೋಡಿ ಕಟ್ಟಿ

ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ಒಂದೇ ಬಗೆಯ ಸಮಸ್ಯೆಗಳನ್ನು ಗೆರೆ ಎಳೆದು ಜೋಡಿಸಿ. ಮುಖ್ಯ ಕೆಲಸ ಇದೇ, ಉಳಿದೆಲ್ಲ ಹಂತಗಳಿಗಿಂತ ಇದಕ್ಕೆ ಹೆಚ್ಚು ಸಮಯ ಕೊಡಿ.

ಮನುಷ್ಯರನ್ನು ಅಳೆಯುವುದು. ಬ್ರೂಟಸ್ 2.1ರಲ್ಲಿ ಆಂಟನಿಯನ್ನು ಸೀಸರನ ಒಂದು ಕೈ ಎಂದು ಲೆಕ್ಕ ಹಾಕುತ್ತಾನೆ. ತಲೆ ಹೋದ ಮೇಲೆ ಕೈ ಏನು ಮಾಡೀತು ಎಂಬುದು ಅವನ ತರ್ಕ. ಆಂಟನಿ ಆಟ, ಮೋಜು, ಗೆಳೆಯರ ಗುಂಪಿನಲ್ಲಿ ಮುಳುಗಿದವನು ಎಂದೂ ಹೇಳುತ್ತಾನೆ. ಇದು ತಪ್ಪು ಅಳತೆ ಎಂದು ಎಲ್ಲರೂ ಬರೆಯುತ್ತಾರೆ. ಬಹಳ ಮಂದಿ ಗಮನಿಸದ್ದು 1.2ರ ಒಂದು ಸಾಲು. ಕ್ಯಾಸಿಯಸ್‌ನ ಬಡಕಲು ಮೈ, ಹಸಿದ ನೋಟ ಕಂಡು ಸೀಸರ್ ಶಂಕೆಪಟ್ಟಾಗ ಆಂಟನಿ ಹೇಳುವುದೇನು? ಭಯಪಡಬೇಡ, ಅವನು ಅಪಾಯಕಾರಿಯಲ್ಲ, ಸಭ್ಯ ರೋಮನ್. ಆಂಟನಿಯೂ ಎಡವಿದ್ದಾನೆ, ಅದೂ ಸೀಸರನ ಜೀವದ ವಿಷಯದಲ್ಲಿ. ಹಾಗಾದರೆ ವ್ಯತ್ಯಾಸ ಎಲ್ಲಿ? ಆಂಟನಿ ತಪ್ಪಿನಿಂದ ಕಲಿತು 3.1ರ ಹೊತ್ತಿಗೆ ಬದಲಾಗಿದ್ದಾನೆ. ತಾನು ಬರುವ ಮೊದಲು ಸೇವಕನನ್ನು ಕಳಿಸಿ ಜೀವಕ್ಕೆ ಅಭಯ ಪಡೆದು, ಆಮೇಲೆ ಬರುತ್ತಾನೆ. ಬ್ರೂಟಸ್ ಐದನೆಯ ಅಂಕದವರೆಗೂ ಅದೇ ಅಳತೆಗೋಲನ್ನು ಹಿಡಿದಿರುತ್ತಾನೆ.

ಗುಂಪನ್ನು ಒಲಿಸುವುದು. ನಿಮ್ಮ ಪ್ರಬಂಧದ ಹೊಟ್ಟೆಭಾಗ ಇದೇ. ಇಬ್ಬರಿಗೂ ಒಂದೇ ವೇದಿಕೆ, ಒಂದೇ ಗುಂಪು, ಒಂದೇ ಶವ. ಇಷ್ಟು ಅಚ್ಚುಕಟ್ಟಾದ ಪರೀಕ್ಷೆ ಬೇರೆ ನಾಟಕಗಳಲ್ಲಿ ಸಿಗುವುದು ಅಪರೂಪ.

ಮೊದಲು ಪುಟದ ಮೇಲೆ ಕಣ್ಣಾಡಿಸಿ. ಬ್ರೂಟಸ್‌ನ ಭಾಷಣದ ಸಾಲುಗಳು ಅಂಚಿನಿಂದ ಅಂಚಿಗೆ ಹೋಗುತ್ತವೆ, ಅದು ಗದ್ಯ. ಆಂಟನಿಯ ಸಾಲುಗಳು ನಡುವೆಯೇ ಮುರಿಯುತ್ತವೆ, ಅದು ಪ್ರಾಸವಿಲ್ಲದ ಪದ್ಯ, ನಮ್ಮ ಸರಳರಗಳೆಯ ಸಂಬಂಧಿ. ಎಲ್ಲವನ್ನೂ ಗದ್ಯವಾಗಿಸಿದ ಅನುವಾದದಲ್ಲಿ ಈ ಭೇದ ಅಳಿಸಿಹೋಗಿರುತ್ತದೆ, ಮೂಲ ನೋಡಿ ಎಂದದ್ದು ಅದಕ್ಕೇ. ಬ್ರೂಟಸ್‌ನ ಗದ್ಯ ತಕ್ಕಡಿಯಲ್ಲಿ ತೂಗಿದ ಹಾಗಿದೆ, ಒಂದು ವಾಕ್ಯಕ್ಕೆ ಎದುರಾಗಿ ಅಷ್ಟೇ ತೂಕದ ಇನ್ನೊಂದು ವಾಕ್ಯ. ಸೀಸರನ ಮೇಲಿನ ಪ್ರೀತಿ ಕಡಿಮೆಯಾಗಿ ಕೊಂದದ್ದಲ್ಲ, ರೋಮಿನ ಮೇಲಿನ ಪ್ರೀತಿ ಅದಕ್ಕಿಂತ ಹೆಚ್ಚು ಎಂಬ ವಾದ. ಆದರೆ ಸೀಸರ್ ಅಧಿಕಾರದಾಹಿ ಎನ್ನಲು ಅವನು ಒಂದೇ ಒಂದು ಘಟನೆಯನ್ನೂ ಕೊಡುವುದಿಲ್ಲ. ನನ್ನ ಮಾನದ ಮೇಲೆ ನಂಬಿಕೆಯಿಟ್ಟು ನಂಬಿ ಎನ್ನುತ್ತಾನೆ. ಗುಂಪು ಒಪ್ಪುತ್ತದೆ, ಒಪ್ಪಿದ ಖುಷಿಯಲ್ಲಿ ಒಬ್ಬ ಇವನನ್ನೇ ಸೀಸರ್ ಮಾಡಿ ಎಂದು ಕೂಗುತ್ತಾನೆ. ಆ ಕೂಗನ್ನು ಬ್ರೂಟಸ್‌ನ ಯಶಸ್ಸು ಎಂದು ಬರೆದವರನ್ನು ನೋಡಿದ್ದೇವೆ. ಸೀಸರ್ ಎಂಬ ಸ್ಥಾನವೇ ಇರಬಾರದು ಎಂದು ಕೊಂದವನಿಗೆ ಆ ಸ್ಥಾನವನ್ನೇ ಕೊಡಲು ಹೊರಟ ಗುಂಪಿಗೆ ಭಾಷಣ ಒಂದಿಷ್ಟೂ ತಲುಪಿಲ್ಲ ಎಂದಷ್ಟೇ ಅದರ ಅರ್ಥ.

ಇನ್ನು ಆಂಟನಿ. ಬ್ರೂಟಸ್ ಹಾಕಿದ ಷರತ್ತುಗಳು: ಮೊದಲು ನಾನು ಮಾತಾಡುತ್ತೇನೆ, ನೀನು ನಂತರ ಅದೇ ವೇದಿಕೆಯಿಂದ ಮಾತಾಡು, ನಮ್ಮನ್ನು ದೂರಬೇಡ, ನಮ್ಮ ಅನುಮತಿಯಿಂದಲೇ ಮಾತಾಡುತ್ತಿದ್ದೇನೆ ಎಂದು ಹೇಳು. ಈ ಷರತ್ತುಗಳನ್ನು ಪಕ್ಕದಲ್ಲಿಟ್ಟುಕೊಂಡು ಭಾಷಣ ಓದಿ, ಯಾವುದು ಎಲ್ಲಿ ಮುರಿಯುತ್ತದೆ ಎಂದು ಗುರುತು ಹಾಕಿ. ಅನುಮತಿಯ ಮಾತು ಆರಂಭದಲ್ಲೇ ಬರುತ್ತದೆ. ಬ್ರೂಟಸ್ ಗೌರವಸ್ಥ ಎಂಬ ಮಾತು ಮತ್ತೆ ಮತ್ತೆ ಬಂದು, ಪ್ರತಿ ಸಲವೂ ಸ್ವಲ್ಪ ಸ್ವಲ್ಪ ಹುಳಿಯಾಗುತ್ತದೆ. ‘ದ್ರೋಹಿಗಳು’ ಎಂಬ ಪದ ಆ ಸಭೆಯಲ್ಲಿ ಮೊದಲು ಬರುವುದು ನಾಗರಿಕನೊಬ್ಬನ ಬಾಯಿಂದ. ಆಂಟನಿ ಅದನ್ನು ಬಳಸುವುದು ಅದಾದ ಮೇಲೆ. ಇದನ್ನು ಎತ್ತಿ ತೋರಿಸಿದರೆ ‘ಆಂಟನಿ ಒಳ್ಳೆಯ ಭಾಷಣಕಾರ’ ಎಂಬ ಸಪ್ಪೆ ವಾಕ್ಯದ ಜಾಗದಲ್ಲಿ ನಿಮ್ಮದೇ ವಾದ ನಿಲ್ಲುತ್ತದೆ. ತಾನು ಹೇಳಬೇಕಾದ್ದನ್ನು ಗುಂಪಿನಿಂದ ಹೇಳಿಸುವುದು ಅವನ ಮುಖ್ಯ ಉಪಾಯ.

ಸರಕು ಇಳಿಸುವ ಕ್ರಮವನ್ನೂ ಬರೆದುಕೊಳ್ಳಿ. ಸೀಸರನ ಬಗ್ಗೆ ಮೂರು ನೆನಪುಗಳು (ಸೆರೆಯಾಳುಗಳ ಬಿಡುಗಡೆಹಣವನ್ನು ಖಜಾನೆಗೆ ತುಂಬಿದ್ದು, ಬಡವರಿಗಾಗಿ ಅತ್ತದ್ದು, ಮೂರು ಸಲ ಕಿರೀಟ ಬೇಡವೆಂದದ್ದು), ಆಮೇಲೆ ದುಃಖದಿಂದ ಮಾತು ನಿಲ್ಲಿಸುವುದು, ಉಯಿಲನ್ನು ತೋರಿಸಿ ಓದದೇ ಇಟ್ಟುಕೊಳ್ಳುವುದು, ವೇದಿಕೆಯಿಂದ ಕೆಳಗಿಳಿದು ಶವದ ಸುತ್ತ ಜನರನ್ನು ನಿಲ್ಲಿಸುವುದು, ಮೊದಲು ತೂತುಬಿದ್ದ ನಿಲುವಂಗಿ, ಆಮೇಲೆ ದೇಹ. ಗುಂಪು ಬೆಂಕಿಯಿಡಲು ಓಡುವ ಹೊತ್ತಿಗೆ ತಡೆದು, ಉಯಿಲನ್ನೇ ಮರೆತಿರಲ್ಲ ಎನ್ನುತ್ತಾನೆ. ಪ್ರತಿ ನಾಗರಿಕನಿಗೆ 75 ಡ್ರಾಕ್ಮಾ (ಬೆಳ್ಳಿ ನಾಣ್ಯ), ಟೈಬರ್ ನದಿದಡದ ತೋಟಗಳು ಸಾರ್ವಜನಿಕರಿಗೆ. ಭಾವ ಮೊದಲು, ಲಾಭ ಕೊನೆಗೆ. ತಿರುವುಮುರುವು ಮಾಡಿದ್ದರೆ ಹಣದಾಸೆಗೆ ಎದ್ದ ಗುಂಪಾಗುತ್ತಿತ್ತು, ಹೀಗೆ ಮಾಡಿದ್ದರಿಂದ ಕೃತಜ್ಞತೆಯ ಹೆಸರಿನಲ್ಲಿ ಎದ್ದಿತು.

ಒಂದು ಸಂಗತಿ ಬಿಡಬೇಡಿ. ತನ್ನ ಭಾಷಣ ಮುಗಿದದ್ದೇ ಬ್ರೂಟಸ್ ಹೊರಟುಹೋಗುತ್ತಾನೆ. ಎಲ್ಲರೂ ನಿಂತು ಆಂಟನಿಯ ಮಾತು ಕೇಳಿ ಎಂದು ಬೇಡಿಕೊಂಡೇ ಹೋಗುತ್ತಾನೆ. ಭಾಷಣಕ್ಕೆ ಅನುಮತಿ ಕೊಟ್ಟದ್ದಕ್ಕಿಂತ, ಕೊಟ್ಟ ಮೇಲೆ ಅಲ್ಲಿ ನಿಲ್ಲದೇ ಹೋದದ್ದು ದೊಡ್ಡ ಎಡವಟ್ಟು ಎಂಬುದು ನಮ್ಮ ಅಭಿಪ್ರಾಯ. ಎದುರಿಗೆ ಬ್ರೂಟಸ್ ನಿಂತಿದ್ದರೆ ಆ ಕುಹಕವನ್ನು ಅಷ್ಟು ನಿರಾಳವಾಗಿ ಬೆಳೆಸಲು ಆಂಟನಿಗೆ ಆಗುತ್ತಿತ್ತೇ?

ಹಾಗೆಂದು ಆಂಟನಿಗೆ ಪೂರ್ತಿ ಮಾರ್ಕ್ಸ್ ಕೊಡಬೇಡಿ. ಗುಂಪು ಚದುರಿದ ಮೇಲೆ ಅವನು ಒಬ್ಬನೇ ಹೇಳಿಕೊಳ್ಳುವ ಮಾತಿನ ಸಾರ ಇಷ್ಟು: ಕಿಡಿಗೇಡಿತನ ಎದ್ದು ನಿಂತಿದೆ, ಇನ್ನು ಅದು ಯಾವ ದಾರಿ ಬೇಕಾದರೂ ಹಿಡಿಯಲಿ. ಮರುದೃಶ್ಯದಲ್ಲೇ (3.3) ಅದು ಹಿಡಿದ ದಾರಿ ಕಾಣುತ್ತದೆ. ಸಿನ್ನಾ ಎಂಬ ಕವಿಯನ್ನು ಅದೇ ಹೆಸರಿನ ಸಂಚುಗಾರನೆಂದು ಹಿಡಿದು, ಅವನಲ್ಲ ಎಂದು ಗೊತ್ತಾದ ಮೇಲೂ ಕೆಟ್ಟ ಪದ್ಯಗಳಿಗಾಗಿ ಹರಿದುಹಾಕುತ್ತಾರೆ. ಎಬ್ಬಿಸಲು ಬಂದವನಿಗೆ ಹಿಡಿದು ನಿಲ್ಲಿಸುವ ಮನಸ್ಸಿರಲಿಲ್ಲ. ಚಿಕ್ಕ ದೃಶ್ಯವೆಂದು ಅನೇಕರು ಇದನ್ನು ಹಾರಿಸುತ್ತಾರೆ. ಆಂಟನಿಯ ನಾಯಕತ್ವದ ಮಿತಿಗೆ ಇದಕ್ಕಿಂತ ನೇರ ಸಾಕ್ಷಿ ಇಲ್ಲ.

ಹಣ ಮತ್ತು ಹಿಂಸೆ. 4.1 ಮತ್ತು 4.3 ಹತ್ತಿರ ಹತ್ತಿರ ಇರುವುದು ಹೋಲಿಕೆಗೆ ಸಿಕ್ಕ ವರ. ಮೊದಲನೆಯದರಲ್ಲಿ ಆಂಟನಿ, ಆಕ್ಟೇವಿಯಸ್, ಲೆಪಿಡಸ್ ಮೇಜಿನ ಸುತ್ತ ಕುಳಿತು ಸಾಯಬೇಕಾದವರ ಹೆಸರಿಗೆ ಚುಕ್ಕೆ ಇಡುತ್ತಾರೆ. ಲೆಪಿಡಸ್‌ನ ಅಣ್ಣತಮ್ಮಂದಿರಲ್ಲೊಬ್ಬ, ಬದಲಿಗೆ ಆಂಟನಿಯ ಅಕ್ಕತಂಗಿಯರಲ್ಲೊಬ್ಬಳ ಮಗ. ಆಂಟನಿ ತಕರಾರಿಲ್ಲದೆ ಚುಕ್ಕೆ ಹಾಕುತ್ತಾನೆ. ಅದೇ ಉಸಿರಿನಲ್ಲಿ, ಹಿಂದಿನ ಅಂಕದಲ್ಲಿ ಜನರ ಮುಂದೆ ಓದಿದ ಉಯಿಲನ್ನು ತರಿಸಿ, ಅದರ ಖರ್ಚಿನಲ್ಲಿ ಎಷ್ಟು ಕತ್ತರಿಸಬಹುದು ಎಂದು ಲೆಕ್ಕ ಹಾಕಲು ಹೊರಡುತ್ತಾನೆ.

4.3ರಲ್ಲಿ ಬ್ರೂಟಸ್ ಲಂಚದ ವಿಷಯಕ್ಕೆ ಕ್ಯಾಸಿಯಸ್‌ನನ್ನು ತರಾಟೆಗೆ ತೆಗೆದುಕೊಳ್ಳುತ್ತಾನೆ. ಓದುವವರು ಇಲ್ಲಿಗೇ ನಿಂತು ‘ಬ್ರೂಟಸ್ ಭ್ರಷ್ಟಾಚಾರ ವಿರೋಧಿ’ ಎಂದು ಬರೆದು ಮುಂದೆ ಹೋಗುತ್ತಾರೆ. ಇನ್ನಷ್ಟು ಸಾಲು ಓದಿ. ಸೈನಿಕರ ಸಂಬಳಕ್ಕೆ ಹಣ ಕೇಳಿ ಕಳಿಸಿದೆ, ನೀನು ಕೊಡಲಿಲ್ಲ ಎಂಬುದು ಅವನ ಇನ್ನೊಂದು ದೂರು. ಯಾಕೆ ಕೇಳಿದ? ರೈತರ ಕೈಯಿಂದ ಕೀಳುದಾರಿಯಲ್ಲಿ ಹಣ ಹಿಂಡಲು ತನಗಾಗದು ಎಂಬ ಕಾರಣಕ್ಕೆ! ಹಾಗಾದರೆ ಕ್ಯಾಸಿಯಸ್ ಕೊಡಬೇಕಿದ್ದ ಚಿನ್ನ ಎಲ್ಲಿಂದ ಬರಬೇಕಿತ್ತು? ಹಾವೂ ಸಾಯಬೇಕು, ಕೋಲೂ ಮುರಿಯಬಾರದು. 2.1ರಲ್ಲಿ ಕೊಲೆಯನ್ನು ಕಟುಕರಂತಲ್ಲ, ಬಲಿಕೊಡುವವರಂತೆ ಮಾಡೋಣ ಎಂದವನೂ ಇವನೇ. ಎರಡೂ ಒಂದೇ ಮನಸ್ಸಿನ ಮಾತು ಎಂದು ತೋರಿಸಿ. ಒಬ್ಬ ಕೊಳೆಯಾದ ಕೈಯನ್ನು ಮೇಜಿನ ಕೆಳಗೆ ಇಟ್ಟುಕೊಂಡಿದ್ದಾನೆ, ಇನ್ನೊಬ್ಬ ತನ್ನ ಕೈ ಕೊಳೆಯಾಗಿಲ್ಲ ಎಂದೇ ನಂಬಿದ್ದಾನೆ.

ಜೊತೆಗಾರರು. ಬ್ರೂಟಸ್ ಸಲಹೆ ಕೇಳುವುದಿಲ್ಲ, ಆದರೂ ಅವನನ್ನು ಯಾರೂ ಬಿಟ್ಟುಹೋಗುವುದಿಲ್ಲ. ಜಗಳವಾಡಿದ ಕ್ಯಾಸಿಯಸ್ ಅದೇ ರಾತ್ರಿ ರಾಜಿಯಾಗುತ್ತಾನೆ. ಲೂಸಿಲಿಯಸ್ ತಾನೇ ಬ್ರೂಟಸ್ ಎಂದು ಹೇಳಿಕೊಂಡು ಸೆರೆಯಾಗುತ್ತಾನೆ. 5.5ರಲ್ಲಿ ಸಾಯಲು ನೆರವು ಕೇಳಿದರೆ ಮೂವರು ಕೈಯಾಡಿಸಲು ಒಪ್ಪದೆ ಹಿಂದೆ ಸರಿಯುತ್ತಾರೆ, ನಾಲ್ಕನೆಯವನು ಸ್ಟ್ರೇಟೊ ಮುಖ ತಿರುಗಿಸಿ ಕತ್ತಿ ಹಿಡಿಯುತ್ತಾನೆ. ಆಂಟನಿಯ ಕಡೆ ಇಂಥ ಒಬ್ಬನನ್ನಾದರೂ ಹುಡುಕಿ. ಲೆಪಿಡಸ್ ಹೊರಗೆ ಹೋದದ್ದೇ ಅವನನ್ನು ಹೊರೆ ಹೊರುವ ಕತ್ತೆಗೆ ಹೋಲಿಸುತ್ತಾನೆ. ಅವನು ಪಳಗಿದ ಸೈನಿಕ ಎಂದು ಪಕ್ಷವಹಿಸುವವನು ಚಿಕ್ಕ ವಯಸ್ಸಿನ ಆಕ್ಟೇವಿಯಸ್.

ಯುದ್ಧ. ಇದನ್ನು ಚಿಕ್ಕದಾಗಿ ಮುಗಿಸಿ. ಫಿಲಿಪ್ಪಿಗೆ ಹೋಗೋಣ ಎಂದ ಬ್ರೂಟಸ್‌ನ ಕಾರಣಗಳು ದಡ್ಡತನದವಲ್ಲ: ದಾರಿಯ ಜನ ನಮ್ಮ ಮೇಲೆ ಮುನಿದಿದ್ದಾರೆ, ಶತ್ರು ಬರುತ್ತಾ ಅವರನ್ನು ಸೇರಿಸಿಕೊಳ್ಳುತ್ತಾನೆ, ನಮ್ಮ ಸೈನ್ಯ ಈಗ ತುಂಬಿದೆ, ಇನ್ನು ಇಳಿಯುವುದೇ. ಸೋಲಿಗೆ 5.3 ಕೊಡುವ ಕಾರಣವೂ ಬೇರೆ. ಬ್ರೂಟಸ್ ದಾಳಿಯ ಆಜ್ಞೆಯನ್ನು ಬೇಗ ಕೊಟ್ಟ, ಅವನ ಸೈನಿಕರು ಲೂಟಿಗೆ ಬಿದ್ದರು, ಅಷ್ಟರಲ್ಲಿ ಆಂಟನಿ ಕ್ಯಾಸಿಯಸ್‌ನನ್ನು ಸುತ್ತುವರಿದ. ಆಂಟನಿಯ ಅಂದಾಜೂ ತಪ್ಪಿತ್ತು, ಶತ್ರು ಗುಡ್ಡ ಬಿಟ್ಟು ಇಳಿಯುವುದಿಲ್ಲ ಎಂದಿದ್ದನಲ್ಲ ಎಂದು ಆಕ್ಟೇವಿಯಸ್ 5.1ರಲ್ಲಿ ಚುಚ್ಚುತ್ತಾನೆ.

ಹಂತ 4: ಮೂರು ಪ್ರಶ್ನೆಗಳ ಜರಡಿ

ಪ್ರತಿ ಜೋಡಿಯನ್ನೂ ಈ ಜರಡಿಯಲ್ಲಿ ಹಾಯಿಸಿ: ಉದ್ದೇಶ ಏನಿತ್ತು, ಆ ಕ್ಷಣಕ್ಕೆ ಏನು ಗೊತ್ತಿತ್ತು, ಫಲ ಏನಾಯಿತು. ಫಲವನ್ನು ಮಾತ್ರ ನೋಡಿದರೆ ಗೆದ್ದವನೇ ನಾಯಕ ಎಂದಾಗುತ್ತದೆ. ಉದ್ದೇಶವನ್ನು ಮಾತ್ರ ನೋಡಿದರೆ ಬ್ರೂಟಸ್‌ನ ಪೂಜೆಯಾಗುತ್ತದೆ.

ನಡುವಿನ ಪ್ರಶ್ನೆ ಅತಿ ಮುಖ್ಯ. ಉದಾಹರಣೆಗೆ, ಆಂಟನಿಗೆ ಭಾಷಣಕ್ಕೆ ಬಿಟ್ಟಾಗ ಅಪಾಯ ಗೊತ್ತಿರಲಿಲ್ಲ ಎಂದು ಬ್ರೂಟಸ್‌ನ ಪರ ವಾದಿಸಲಾಗದು. ಕ್ಯಾಸಿಯಸ್ ಅಲ್ಲೇ ಪಕ್ಕಕ್ಕೆ ಕರೆದು ಎಚ್ಚರಿಸಿದ್ದ. ಅದೇ ರೀತಿ, 2.1ರ ಸ್ವಗತದಲ್ಲಿ ಸೀಸರನ ವಿರುದ್ಧ ಬ್ರೂಟಸ್‌ಗೆ ಗೊತ್ತಿದ್ದದ್ದೇನು? ಅವನೇ ಒಪ್ಪಿಕೊಳ್ಳುವಂತೆ ಏನೂ ಇಲ್ಲ. ಭಾವನೆ ವಿವೇಕವನ್ನು ಮೀರಿ ಸೀಸರ್ ನಡೆದದ್ದನ್ನು ತಾನು ಕಂಡಿಲ್ಲ, ಆದರೆ ಕಿರೀಟ ಬಂದರೆ ಬದಲಾಗಬಹುದು, ಹಾವಿನ ಮೊಟ್ಟೆಯನ್ನು ಒಡೆಯುವ ಮುನ್ನವೇ ಹೊಸಕಬೇಕು. ಜೊತೆಗೆ, ಕಿಟಕಿಯಿಂದ ಬಂದ ಪತ್ರಗಳನ್ನು ರೋಮಿನ ದನಿ ಎಂದು ನಂಬುತ್ತಾನೆ. ಅವು ಕ್ಯಾಸಿಯಸ್ ಬೇರೆ ಬೇರೆ ಕೈಬರಹದಲ್ಲಿ ಹುಟ್ಟಿಸಿದವು ಎಂದು ನಮಗೆ ಗೊತ್ತು, ಅವನಿಗೆ ಗೊತ್ತಿಲ್ಲ.

ಹಂತ 5: ಇತಿಹಾಸವನ್ನು ಬೇರೆ ಡಬ್ಬಿಯಲ್ಲಿ ಇಡಿ

ಷೇಕ್ಸ್‌ಪಿಯರ್ 1599ರ ಹೊತ್ತಿಗೆ ಬರೆದ ಈ ನಾಟಕದ ಮೂಲ ಸರಕು ಪ್ರಾಚೀನ ಗ್ರೀಕ್ ಲೇಖಕ ಪ್ಲುಟಾರ್ಕನ ಜೀವನಚರಿತ್ರೆಗಳು, ಥಾಮಸ್ ನಾರ್ತ್ 1579ರಲ್ಲಿ ಪ್ರಕಟಿಸಿದ ಇಂಗ್ಲಿಷ್ ರೂಪ. ನಾಟಕಕಾರ ಕಾಲವನ್ನು ಬಿಗಿದು ಕಟ್ಟಿದ್ದಾನೆ. ಕ್ರಿಸ್ತಪೂರ್ವ 44ರ ಮಾರ್ಚ್ 15ರ ಕೊಲೆಗೂ 42ರ ಅಕ್ಟೋಬರಿನ ಫಿಲಿಪ್ಪಿಗೂ ಎರಡೂವರೆ ವರ್ಷದ ಅಂತರ. ಅಲ್ಲಿ ನಡೆದದ್ದು ಸುಮಾರು ಮೂರು ವಾರದ ಅಂತರದ ಎರಡು ಕದನಗಳು, ನಾಟಕದಲ್ಲಿ ಒಂದೇ ದಿನ.

ಇದರಿಂದ ಆಗುವ ಅವಾಂತರಕ್ಕೆ ಒಂದು ಮಾದರಿ. ನಿಲುವಂಗಿ ಎತ್ತಿ ಹಿಡಿದ ಆಂಟನಿ, ಸೀಸರ್ ಇದನ್ನು ಮೊದಲು ತೊಟ್ಟದ್ದು ನರ್ವಿಯರನ್ನು (ಗಾಲ್ ನಾಡಿನ ಒಂದು ಬುಡಕಟ್ಟು) ಗೆದ್ದ ದಿನದ ಬೇಸಗೆಯ ಸಂಜೆ, ನನಗೆ ನೆನಪಿದೆ ಎನ್ನುತ್ತಾನೆ. ನರ್ವಿಯರ ಯುದ್ಧ ನಡೆದದ್ದು ಕ್ರಿಸ್ತಪೂರ್ವ 57ರಲ್ಲಿ, ಆಂಟನಿ ಗಾಲ್ ನಾಡಿನಲ್ಲಿ ಸೀಸರನನ್ನು ಸೇರಿಕೊಂಡದ್ದು ಅದಾದ ಕೆಲವು ವರ್ಷಗಳ ಮೇಲೆ. ಇಷ್ಟು ತಿಳಿದ ಜಾಣ ವಿದ್ಯಾರ್ಥಿ ‘ಆಂಟನಿ ಇಲ್ಲಿ ಸುಳ್ಳು ಹೇಳುತ್ತಾನೆ’ ಎಂದು ಬರೆದುಬಿಡುತ್ತಾನೆ. ನಾಟಕದೊಳಗೆ ಅದಕ್ಕೆ ಸಾಕ್ಷಿಯಿಲ್ಲ. ಬೇಕಾದರೆ ಹೀಗೆ ಬರೆಯಿರಿ: ರಕ್ತದ ಕಲೆಗೆ ಒಂದು ಹಳೆಯ ಗೆಲುವಿನ ನೆನಪನ್ನು ಆಂಟನಿ ಅಂಟಿಸುತ್ತಾನೆ.

ಇಂಥದ್ದೇ ಇನ್ನೊಂದು ಜಾರುಬಂಡೆ 4.3ರಲ್ಲಿದೆ. ಹೆಂಡತಿ ಪೋರ್ಷಿಯಾ ಸತ್ತ ಸುದ್ದಿಯನ್ನು ಬ್ರೂಟಸ್ ಕ್ಯಾಸಿಯಸ್‌ಗೆ ತಾನೇ ಹೇಳುತ್ತಾನೆ. ಸ್ವಲ್ಪ ಹೊತ್ತಿಗೆ ಅವನ ಕಡೆಯ ಮೆಸ್ಸಾಲಾ ಬಂದು ಹೇಳಿದಾಗ ಮೊದಲ ಸಲ ಕೇಳಿದವನಂತೆ ನಿರ್ವಿಕಾರವಾಗಿ ಸ್ವೀಕರಿಸುತ್ತಾನೆ. ಇದು ತಿದ್ದುಪಡಿಯಲ್ಲಿ ಉಳಿದುಹೋದ ಎರಡು ಪಾಠಗಳೋ, ಬ್ರೂಟಸ್ ಬೇಕೆಂದೇ ಹಾಕಿಕೊಂಡ ಧೈರ್ಯದ ವೇಷವೋ ಎಂದು ವಿದ್ವಾಂಸರಲ್ಲಿ ಒಮ್ಮತವಿಲ್ಲ. ಇದರ ಮೇಲೆ ಇಡೀ ವಾದದ ಭಾರ ಹೇರಬೇಡಿ.

ಹಂತ 6: ಬರೆಯುವುದು

ಮೊದಲು ತೀರ್ಪಿನ ವಾಕ್ಯ ಬರೆಯಿರಿ, ಒಂದೇ ವಾಕ್ಯ. ‘ಇಬ್ಬರಲ್ಲೂ ಗುಣದೋಷಗಳಿವೆ’ ಎಂಬುದು ತೀರ್ಪಲ್ಲ, ಅದು ಜಾರಿಕೆ. ಹೀಗೊಂದು ಇರಲಿ: ‘ತನ್ನ ಸುತ್ತಲಿನ ಹತ್ತು ಜನರನ್ನು ಸಾಯುವವರೆಗೂ ಹಿಡಿದಿಡಬಲ್ಲ ಬ್ರೂಟಸ್‌ಗೆ ಸಾವಿರ ಜನರ ಮನಸ್ಸು ತಿಳಿಯದು. ಸಾವಿರ ಜನರನ್ನು ಗಳಿಗೆಯಲ್ಲಿ ತಿರುಗಿಸಬಲ್ಲ ಆಂಟನಿಗೆ ಹತ್ತು ಜನರ ನಿಷ್ಠೆ ಇಲ್ಲ.’ (ಎರಡು ವಾಕ್ಯವಾಯಿತು, ನೀವು ಒಂದಾಗಿಸಿ.) ನೀವು ಇದನ್ನು ಒಪ್ಪಲೇಬೇಕೆಂದಿಲ್ಲ. ಇಬ್ಬರಲ್ಲಿ ಯಾರಿಗೂ ಮಾರ್ಚ್ 16ರ ಬೆಳಿಗ್ಗೆ ರೋಮನ್ನು ಆಳುವುದು ಹೇಗೆಂಬ ಯೋಚನೆ ಇರಲಿಲ್ಲ ಎಂದು ಹೊರಟರೂ ಗಟ್ಟಿಯಾದ ವಾದವೇ.

1,200 ಪದಗಳ ಹಂಚಿಕೆ: ಪೀಠಿಕೆ 100, ಭಾಷಣಗಳ ಜೋಡಿ 500, ಉಳಿದ ಎರಡು ಜೋಡಿಗಳಿಗೆ ತಲಾ 225, ಮುಕ್ತಾಯ 150. ಮೊದಲರ್ಧ ಬ್ರೂಟಸ್, ಎರಡನೆಯರ್ಧ ಆಂಟನಿ ಎಂದು ಬರೆಯಬೇಡಿ. ಅದು ಎರಡು ಪ್ರಬಂಧವಾಗುತ್ತದೆ, ಹೋಲಿಕೆಯಾಗುವುದಿಲ್ಲ. ಪ್ರತಿ ಪ್ಯಾರಾದಲ್ಲೂ ಇಬ್ಬರೂ ಇರಲಿ. ಕಥೆ ಹೇಳುವ ವಾಕ್ಯ ಪ್ಯಾರಾಗೆ ಒಂದಕ್ಕಿಂತ ಹೆಚ್ಚು ಬಂದರೆ ಹೊಡೆದುಹಾಕಿ. ಉದ್ಧರಣೆ ಒಂದು ಸಾಲಿಗಿಂತ ಉದ್ದ ಬೇಡ, ಪಕ್ಕದಲ್ಲಿ ದೃಶ್ಯ ಮತ್ತು ಸಾಲಿನ ಸಂಖ್ಯೆ ಇರಲಿ.

ಹಂತ 7: ಒಪ್ಪಿಸುವ ಮುನ್ನ

‘ಮುಗ್ಧ’, ‘ಕಪಟಿ’ ಎಂಬ ಪದಗಳು ಎಲ್ಲೆಲ್ಲಿ ಬಂದಿವೆ ಹುಡುಕಿ, ಪ್ರತಿಯೊಂದರ ಪಕ್ಕದಲ್ಲೂ ಒಂದು ದೃಶ್ಯದ ಸಂಖ್ಯೆ ಇದೆಯೇ ನೋಡಿ. ಇಲ್ಲದಿದ್ದರೆ ಪದ ತೆಗೆಯಿರಿ.

ಕಡೆಯದಾಗಿ ಮುಕ್ತಾಯದ ಪ್ಯಾರಾ. ಹತ್ತರಲ್ಲಿ ಎಂಟು ಪ್ರಬಂಧಗಳು ಬ್ರೂಟಸ್‌ನ ಶವದ ಮುಂದೆ ಆಂಟನಿ ಆಡುವ ಹೊಗಳಿಕೆಯೊಂದಿಗೆ ಮುಗಿಯುತ್ತವೆ, ಅವರೆಲ್ಲರಲ್ಲಿ ಉದಾತ್ತ ರೋಮನ್ ಇವನೇ ಎಂಬ ಮಾತು. ಅದನ್ನು ಷೇಕ್ಸ್‌ಪಿಯರನ ತೀರ್ಪು ಎಂಬಂತೆ ಉಲ್ಲೇಖಿಸುತ್ತಾರೆ. ಆಡುತ್ತಿರುವವನು ಗೆದ್ದವನು, ಕೇಳುತ್ತಿರುವವರು ಈಗಷ್ಟೇ ಸೆರೆಯಾದ ಬ್ರೂಟಸ್‌ನ ಕಡೆಯವರು. ಸ್ವಲ್ಪ ಮೊದಲು ಲೂಸಿಲಿಯಸ್‌ನಂಥವರು ಶತ್ರುಗಳಾಗುವುದಕ್ಕಿಂತ ಗೆಳೆಯರಾಗುವುದು ಒಳ್ಳೆಯದು ಎಂದು ಲೆಕ್ಕ ಹಾಕಿದವನೂ ಇವನೇ. ಇದೇ ಬಾಯಿ 3.1ರಲ್ಲಿ ಇವರನ್ನು ಕಟುಕರು ಎಂದಿತ್ತು. ಮಾತು ಮನಸ್ಸಿನಿಂದ ಬಂದಿರಬಹುದು, ಉಪಯೋಗಕ್ಕಾಗಿಯೂ ಬಂದಿರಬಹುದು, ಎರಡನ್ನೂ ಬರೆಯಿರಿ. ಆಮೇಲೆ ಪುಟ ಮುಚ್ಚುವ ಮೊದಲು ಆ ಹೊಗಳಿಕೆಯ ಕೆಳಗಿನ ಸಾಲುಗಳನ್ನು ಓದಿ. ಬ್ರೂಟಸ್‌ನ ಶವ ಈ ರಾತ್ರಿ ಯಾರ ಡೇರೆಯಲ್ಲಿ ಇರಬೇಕು, ಸೈನ್ಯ ಯಾವಾಗ ವಿಶ್ರಾಂತಿಗೆ ತೆರಳಬೇಕು ಎಂದು ಅಪ್ಪಣೆ ಕೊಡುತ್ತಿರುವವನು ಆಕ್ಟೇವಿಯಸ್.